ಬಾಣಂತಿಯ ಕೈಗೆ ರಜೆ ಯಾವಾಗ?

ಹೆರಿಗೆಯಾಗಿ ಒಂದೂವರೆ ತಿಂಗಳು ಕಳೆದಿರುತ್ತದೆ. ಹೊಲಿಗೆ ಒಣಗಿರುತ್ತದೆ, ಮಗು ಚೆನ್ನಾಗಿ ಹಾಲು ಕುಡಿಯುತ್ತಿರುತ್ತದೆ. ಇನ್ನು ಎಲ್ಲ ಸರಿಯಾಯಿತು ಅನ್ನುವಷ್ಟರಲ್ಲಿ ಒಂದು ಬೆಳಿಗ್ಗೆ ಮಗುವನ್ನು ಎತ್ತಲು ಹೋದರೆ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಚುಳ್ ಎನ್ನುತ್ತದೆ. ಮರುದಿನ ಬಾಟಲಿಯ ಮುಚ್ಚಳ ತಿರುಗಿಸಲೂ ಆಗುವುದಿಲ್ಲ. ಮನೆಯಲ್ಲಿ ಹೇಳಿದರೆ "ಬಾಣಂತನದಲ್ಲಿ ತಣ್ಣೀರು ಮುಟ್ಟಿದ್ದಿ ಕಾಣುತ್ತದೆ" ಎಂಬ ಉತ್ತರ. ಮಾತ್ರೆ ತೆಗೆದುಕೊಳ್ಳೋಣವೆಂದರೆ ಹಾಲಿನಲ್ಲಿ ಮಗುವಿಗೆ ಹೋದೀತು ಎಂಬ ಹೆದರಿಕೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಎಷ್ಟೋ ತಾಯಂದಿರು ಈ ನೋವನ್ನು ಹಲ್ಲುಕಚ್ಚಿ ಸಹಿಸಿಕೊಳ್ಳುತ್ತಾರೆ. ಈ ನೋವಿಗೆ ಒಂದು ಚರಿತ್ರೆ ಇದೆ. ಅದು ಬಚ್ಚಲಿನಲ್ಲಿ ಶುರುವಾಗಿ, ಬೀಡಿಯ ತಡ್ಪೆಯ ಮೂಲಕ ಹಾದು, ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಅದನ್ನು ತಿಳಿದರೆ ಇವತ್ತು ಏನು ಮಾಡಬೇಕು ಎಂಬುದೂ ಸುಲಭವಾಗಿ ಅರ್ಥವಾಗುತ್ತದೆ.

"ತಣ್ಣೀರು ಮುಟ್ಟಬೇಡ" ಎಂದ ಹಿರಿಯರು

ನಮ್ಮ ಕಡೆಯ ಬಾಣಂತನದ ಕಟ್ಟಳೆಗಳು ಎಲ್ಲರಿಗೂ ಗೊತ್ತು. ಹೆರಿಗೆಗೆ ತವರಿಗೆ ಬರುವುದು, ಎಣ್ಣೆ ಹಚ್ಚಿಸಿಕೊಂಡು ಹಂಡೆಯ ಬಿಸಿನೀರಿನಲ್ಲಿ ಮೀಯುವುದು, ನಲವತ್ತು ದಿನ ಹೊರಗೆ ಹೋಗದಿರುವುದು. ಮಗುವನ್ನು ಮೀಯಿಸಲು ಅನುಭವಸ್ಥ ಹೆಂಗಸೊಬ್ಬರು ಬರುತ್ತಿದ್ದರು. ಮಗು ಅತ್ತರೆ ಅಜ್ಜಿಯೋ ಚಿಕ್ಕಮ್ಮನೋ ಎತ್ತಿ, ತಾಯಿಯ ಮಡಿಲಿಗೆ ತಂದು ಕೊಡುತ್ತಿದ್ದರು. ಹಾಲು ಕುಡಿಸಿದ ಮೇಲೆ ಅವರೇ ತೊಟ್ಟಿಲಿಗೆ ಹಾಕುತ್ತಿದ್ದರು.

ಇದರಲ್ಲಿ ಬಹಳ ಗಟ್ಟಿಯಾಗಿದ್ದ ಕಟ್ಟಳೆ "ತಣ್ಣೀರು ಮುಟ್ಟಬೇಡ" ಎಂಬುದು. ತಣ್ಣೀರು ಮುಟ್ಟಿದ್ದರಿಂದಲೇ ಮಣಿಕಟ್ಟು ನೋಯುತ್ತದೆ ಎನ್ನುವುದಕ್ಕೆ ವೈದ್ಯಕೀಯ ಆಧಾರವಿಲ್ಲ. ಆದರೆ ಆ ಮಾತು ನಿಜವಾಗಿ ಏನು ಮಾಡುತ್ತಿತ್ತು ನೋಡಿ. ನೀರು ಮುಟ್ಟದವಳು ಬಾವಿಯಿಂದ ಕೊಡಪಾನ ಎಳೆಯುವಂತಿಲ್ಲ. ಬಟ್ಟೆ ಒಗೆದು ಹಿಂಡುವಂತಿಲ್ಲ. ಪಾತ್ರೆ ತಿಕ್ಕುವಂತಿಲ್ಲ. ಕಡೆಯುವ ಕಲ್ಲಿನ ಹತ್ತಿರ ಕೂರುವಂತಿಲ್ಲ. ಮಣಿಕಟ್ಟನ್ನು ತಿರುಚುವ, ಹೆಬ್ಬೆರಳಿಗೆ ಭಾರ ಹಾಕುವ ಮನೆಯ ಕೆಲಸಗಳೆಲ್ಲ ಆ ಒಂದು ಮಾತಿನಿಂದ ಬಾಣಂತಿಯ ಕೈತಪ್ಪುತ್ತಿದ್ದವು. ಕಾರಣ ತಪ್ಪಾಗಿದ್ದರೂ ಕೈಗೆ ರಜೆ ಸಿಗುತ್ತಿತ್ತು.

ಈ ರಜೆ ಎಲ್ಲರಿಗೂ ಸಿಕ್ಕಿತ್ತು ಎಂದರೆ ಸುಳ್ಳಾಗುತ್ತದೆ. ಹತ್ತು ಜನ ಇರುವ, ಅಕ್ಕಿ ಮುಡಿ ಇರುವ ಮನೆಯವರಿಗೆ ನಲವತ್ತು ದಿನ ಸಾಧ್ಯವಿತ್ತು. ಗೇಣಿಗೆ ಗದ್ದೆ ಮಾಡುವವರ ಮನೆಯಲ್ಲಿ, ಕೂಲಿಗೆ ಹೋಗುವವರ ಮನೆಯಲ್ಲಿ, ನೇಜಿ ನೆಡುವ ಸಮಯ ಬಂದರೆ ಬಾಣಂತಿಯೂ ಕೆಸರಿಗೆ ಇಳಿಯಲೇಬೇಕಿತ್ತು. ಯಾರ ಕೈಗೆ ರಜೆ, ಯಾರ ಕೈಗೆ ಇಲ್ಲ ಎಂಬ ಪ್ರಶ್ನೆ ಅಂದಿನಿಂದಲೇ ಇದೆ.

ನೋವಿಗೆ ಹೆಸರು ಬಂದದ್ದು

ಇದೇ ನೋವನ್ನು ದೂರದ ದೇಶದ ವೈದ್ಯರೂ ನೋಡಿದ್ದರು. ವೈದ್ಯ ವಿದ್ಯಾರ್ಥಿಗಳು ಇಂದಿಗೂ ಓದುವ 'ಗ್ರೇಸ್ ಅನಾಟಮಿ' ಪುಸ್ತಕದ 1893ರ ಆವೃತ್ತಿ ಇದನ್ನು 'ಬಟ್ಟೆ ಒಗೆಯುವ ಹೆಂಗಸಿನ ಉಳುಕು' ಎಂದು ಕರೆಯಿತು. ಎರಡು ವರ್ಷಗಳ ನಂತರ, 1895ರಲ್ಲಿ, ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕ್ವೆರ್ವೇನ್ 5 ರೋಗಿಗಳ ವಿವರ ಪ್ರಕಟಿಸಿದರು. ಹಾಗಾಗಿ ಡಾಕ್ಟರ ಚೀಟಿಯಲ್ಲಿ ಇಂದಿಗೂ 'ಡಿ ಕ್ವೆರ್ವೇನ್' ಎಂಬ ಹೆಸರೇ ಇರುತ್ತದೆ. ನ್ಯೂಯಾರ್ಕಿನ ಹ್ಯಾರಿ ಫಿಂಕಲ್‌ಸ್ಟೈನ್ 1930ರಲ್ಲಿ ಬರೆದ ಲೇಖನದಿಂದ ಇದನ್ನು ಪರೀಕ್ಷಿಸುವ ಸುಲಭ ವಿಧಾನವೊಂದು ಎಲ್ಲೆಡೆ ಹಬ್ಬಿತು.

ಒಳಗೆ ಆಗುವುದು ಇಷ್ಟು. ಹೆಬ್ಬೆರಳನ್ನು ಎತ್ತುವ, ಅಗಲಿಸುವ ಎರಡು ನರದಂಥ ಹುರಿಗಳು, ಅಂದರೆ ಸ್ನಾಯುರಜ್ಜುಗಳು, ಮಣಿಕಟ್ಟಿನ ಪಕ್ಕದಲ್ಲಿ ಒಂದು ಸಣ್ಣ ಕೊಳವೆಯಂಥ ಹೊದಿಕೆಯೊಳಗೆ ಜಾರುತ್ತವೆ. ಒಂದೇ ಚಲನೆ ಸಾವಿರ ಸಲ ಆದಾಗ ಆ ಹೊದಿಕೆ ದಪ್ಪಗಾಗಿ ಬಿಗಿಯುತ್ತದೆ. ಹುರಿ ಜಾರಲಾರದೆ ನೋಯುತ್ತದೆ. ಹೆರಿಗೆಯ ನಂತರ ಹಾರ್ಮೋನು ಬದಲಾಗಿ ಮೈಯಲ್ಲಿ ನೀರು ನಿಲ್ಲುವುದೂ ಇದಕ್ಕೆ ಸೇರಿಕೊಳ್ಳುತ್ತದೆ ಎಂದು ವೈದ್ಯರು ಹೇಳುತ್ತಾರೆ.

ಇನ್ನು ಲೆಕ್ಕ ಹಾಕಿ. ಎಳೆ ಮಗು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಪ್ರತಿ ಸಲ ಎತ್ತುವುದು, ತಲೆಗೆ ಅಂಗೈ ಕೊಟ್ಟು ಹಿಡಿಯುವುದು, ತೇಗು ಬರಿಸುವುದು, ಮಲಗಿಸುವುದು. ಹುಟ್ಟುವಾಗ 3 ಕಿಲೋ ಇದ್ದ ಮಗು ಐದು ತಿಂಗಳ ಹೊತ್ತಿಗೆ ಸುಮಾರು ಎರಡರಷ್ಟು ಆಗುತ್ತದೆ. ಹೆಬ್ಬೆರಳನ್ನು ಅಗಲಿಸಿ ಮಗುವಿನ ಕಂಕುಳಿಗೆ ಕೈ ಕೊಟ್ಟು ಎತ್ತುವಾಗ ಭಾರವೆಲ್ಲ ಬೀಳುವುದು ಆ ಎರಡು ಹುರಿಗಳ ಮೇಲೆ. ಅದಕ್ಕೇ ಈಗ ಇದನ್ನು 'ತಾಯಿಯ ಹೆಬ್ಬೆರಳು' ಎಂದೂ ಕರೆಯುತ್ತಾರೆ. ಒಗೆಯುವವಳ ಉಳುಕು, ತಾಯಿಯ ಹೆಬ್ಬೆರಳು: ಹೆಸರು ಎರಡಾದರೂ ಎರಡೂ ಹೆಂಗಸರ ಕೆಲಸದಿಂದಲೇ ಹುಟ್ಟಿದವು.

ತಡ್ಪೆಯ ಮೇಲೆ ಓಡುವ ಹೆಬ್ಬೆರಳು

ನಮ್ಮ ತಾಲೂಕುಗಳಲ್ಲಿ ಮಗು ಎತ್ತುವ ಕೈಗೆ ಇನ್ನೊಂದು ಕೆಲಸವೂ ಇತ್ತು, ಬೀಡಿ ಕಟ್ಟುವುದು. ಕಳೆದ ಶತಮಾನದಲ್ಲಿ ಮಂಗಳೂರಿನ ಬೀಡಿ ಕಂಪನಿಗಳು ಬೆಳೆದಂತೆ ಊರೂರಿನಲ್ಲಿ ಬೀಡಿ ಬ್ರಾಂಚ್‌ಗಳಾದವು. ಎಲೆ ಮತ್ತು ಹೊಗೆಸೊಪ್ಪು ತಂದು, ಮನೆಯ ಜಗಲಿಯಲ್ಲಿ ಕಟ್ಟಿ, ಲೆಕ್ಕ ಮಾಡಿ ಕೊಟ್ಟು ಬರುವುದು ಸಾವಿರಾರು ಮನೆಗಳ ದಿನಚರಿಯಾಯಿತು. ಬಂಟ್ವಾಳ, ಬೆಳ್ತಂಗಡಿಗಳಲ್ಲಿ ಈ ದುಡ್ಡಿನಿಂದ ಮಕ್ಕಳು ಓದಿದ್ದಾರೆ, ಮದುವೆಗಳು ನಡೆದಿವೆ, ಮನೆಗೆ ಹಂಚು ಬಂದಿದೆ.

ಕೆಲಸ ನೋಡಲು ಹಗುರ. ಮಡಿಲಲ್ಲಿ ತಡ್ಪೆ, ಕೈಯಲ್ಲಿ ಕತ್ತರಿ. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ಹರಡಿ, ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಉರುಳಿಸಿ, ತುದಿ ಮಡಚಿ, ನೂಲು ಸುತ್ತುವುದು. ಒಂದು ಬೀಡಿಗೆ ಇಷ್ಟು. ಸಂಬಳ ಮಾತ್ರ ಸಾವಿರದ ಲೆಕ್ಕದಲ್ಲಿ. ಒಂದು ಬೀಡಿಯಲ್ಲಿ ಹೆಬ್ಬೆರಳು ಎಷ್ಟು ಸಲ ಬಾಗುತ್ತದೆ ಎಂದು ಎಣಿಸಿ, ಸಾವಿರದಿಂದ ಗುಣಿಸಿದರೆ ಗೊತ್ತಾಗುತ್ತದೆ. ಬಾಣಂತನ ಮುಗಿಸಿ ತಡ್ಪೆಯ ಮುಂದೆ ಕೂತ ತಾಯಿಗೆ ಎರಡು ಕೆಲಸವೂ ಒಂದೇ ಹುರಿಯ ಮೇಲೆ ಬೀಳುತ್ತವೆ.

ಕಾನೂನು ಬಂತು, ಒಂದು ಕಲಂ ಬಿಟ್ಟುಹೋಯಿತು

ದುಡಿಯುವ ಬಾಣಂತಿಗೆ ರಜೆ ಕೊಡಬೇಕು ಎಂದು ಜಗತ್ತಿನ ಮಟ್ಟದಲ್ಲಿ ಒಪ್ಪಂದವಾದದ್ದು 1919ರಲ್ಲಿ, ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಸಮ್ಮೇಳನದಲ್ಲಿ. ಹೆರಿಗೆಗೆ ರಜೆ ಮತ್ತು ಹಾಲೂಡಿಸಲು ದಿನಕ್ಕೆ ಎರಡು ಬಾರಿ ಅರ್ಧ ಗಂಟೆ ಬಿಡುವು ಎಂದು ಅದು ಹೇಳಿತು. ಆಗ ನಮ್ಮ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿತ್ತು. ಅಲ್ಲಿ 1934ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆ ಬಂತು, ಆದರೆ ಅದು ಕಾರ್ಖಾನೆಯ ಹೆಂಗಸರಿಗೆ. ಇಡೀ ದೇಶಕ್ಕೆ ಹೆರಿಗೆ ಸೌಲಭ್ಯ ಕಾಯಿದೆ ಬಂದದ್ದು 1961ರಲ್ಲಿ. ಅದರಲ್ಲಿ 12 ವಾರ ಸಂಬಳದ ರಜೆ ಇತ್ತು. ಹಾಲೂಡಿಸುವ ಬಿಡುವು ಮಗುವಿಗೆ 15 ತಿಂಗಳಾಗುವವರೆಗೆ ಇತ್ತು.

ಮನೆಯಲ್ಲಿ ಕೂತು ಬೀಡಿ ಕಟ್ಟುವವರ ಕಥೆ ಏನು? ಅವರಿಗಾಗಿ 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯಾಯಿತು. ಮನೆಯಲ್ಲಿ ಕಟ್ಟುವವರೂ ಕಾರ್ಮಿಕರೇ ಎಂದು ಅದು ಒಪ್ಪಿತು. ಕಂಪನಿಗಳಿಗೆ ಇದು ಹಿಡಿಸಲಿಲ್ಲ. ನೆರೆಯ ಕಣ್ಣೂರಿನಲ್ಲಿ ಈ ಕಾಯಿದೆ ಜಾರಿಗೆ ಬರುವಾಗ, 1968ರಲ್ಲಿ, ಮಂಗಳೂರು ಗಣೇಶ್ ಬೀಡಿ ಅಲ್ಲಿನ ಕೆಲಸ ನಿಲ್ಲಿಸಿತು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಅವರಿಗಾಗಿ 1969ರಲ್ಲಿ ಹುಟ್ಟಿದ್ದೇ ಕೇರಳ ದಿನೇಶ್ ಬೀಡಿ ಸಹಕಾರ ಸಂಘ.

ಕಾಯಿದೆಯೇ ಸರಿಯಲ್ಲ ಎಂದು ಬೀಡಿ ಮಾಲಕರು ಸುಪ್ರೀಂ ಕೋರ್ಟಿಗೂ ಹೋದರು. ಆ ಮೊಕದ್ದಮೆಯ ಹೆಸರು 'ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ವಿರುದ್ಧ ಭಾರತ ಸರಕಾರ'. 1974ರಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಗೇಣಿದಾರರಿಗೆ ಭೂಮಿ ಕೊಟ್ಟ ಭೂಸುಧಾರಣೆ ತಿದ್ದುಪಡಿ ಬಂದ ವರ್ಷವೂ ಅದೇ. ಒಂದೇ ವರ್ಷದಲ್ಲಿ ಗದ್ದೆಯ ಒಕ್ಕಲಿಗೂ ಜಗಲಿಯ ಬೀಡಿ ಕಾರ್ಮಿಕಳಿಗೂ ಕಾನೂನಿನ ನೆಲೆ ಸಿಕ್ಕಿತು.

ಆದರೆ 1966ರ ಕಾಯಿದೆಯ 37ನೇ ಕಲಂ ಅನ್ನು ಕೊನೆಯವರೆಗೆ ಓದಬೇಕು. ಹೆರಿಗೆ ಸೌಲಭ್ಯ ಕಾಯಿದೆ ಬೀಡಿ ಕೆಲಸಕ್ಕೂ ಅನ್ವಯ ಎಂದು ಅದು ಹೇಳುತ್ತದೆ. ಅದರ ಬೆನ್ನಿಗೇ, ಮನೆಯಲ್ಲಿ ದುಡಿಯುವವರಿಗೆ ಮಾತ್ರ ಆ ಕಾಯಿದೆಯ 8 ಮತ್ತು 10ನೇ ಕಲಂಗಳು ಇಲ್ಲ ಎಂದೂ ಹೇಳುತ್ತದೆ. 8ನೇ ಕಲಂ ಎಂದರೆ ವೈದ್ಯಕೀಯ ಬೋನಸ್, ಆಗಿನ ಕಾಲಕ್ಕೆ 25 ರೂಪಾಯಿ. 10ನೇ ಕಲಂ ಎಂದರೆ ಬಸಿರು ಮತ್ತು ಹೆರಿಗೆಯಿಂದ ಕಾಯಿಲೆ ಬಂದರೆ ಸಿಗುವ ಹೆಚ್ಚುವರಿ ಒಂದು ತಿಂಗಳ ಸಂಬಳದ ರಜೆ.

ಹೆರಿಗೆಯ ನಂತರ ಕಾರ್ಖಾನೆಯ ಹೆಂಗಸಿನ ಕೈ ನೋಯಲು ಶುರುವಾದರೆ, ಡಾಕ್ಟರ ಚೀಟಿ ತಂದು ಆ ಒಂದು ತಿಂಗಳಿಗೆ ಅರ್ಜಿ ಹಾಕಬಹುದಿತ್ತು. ಮನೆಯ ಬೀಡಿ ಕಾರ್ಮಿಕಳಿಗೆ ಕೇಳುವ ಬಾಗಿಲೇ ಇರಲಿಲ್ಲ. ಉಳಿದ ಸೌಲಭ್ಯಕ್ಕೂ ಅವಳ ಹೆಸರಿನ ಪಾಸ್‌ಬುಕ್‌ನಲ್ಲಿ ದಿನಗಳ ಲೆಕ್ಕ ಇರಬೇಕು. ಮೊದಲು ಅದು 160 ದಿನ ಇತ್ತು, 1988ರ ತಿದ್ದುಪಡಿಯಲ್ಲಿ 80 ದಿನ ಆಯಿತು. ಅತ್ತೆಯ ಹೆಸರಿನ ಪುಸ್ತಕದಲ್ಲಿ ಸೊಸೆ ಕಟ್ಟಿದರೆ ಲೆಕ್ಕ ಅತ್ತೆಗೆ, ನೋವು ಸೊಸೆಗೆ.

2017ರಲ್ಲಿ ಹೆರಿಗೆ ರಜೆ 26 ವಾರಕ್ಕೆ ಏರಿತು. 2020ರಲ್ಲಿ ಸಂಸತ್ತು ಹಳೆಯ ಕಾರ್ಮಿಕ ಕಾಯಿದೆಗಳನ್ನು ಸೇರಿಸಿ ಹೊಸ ಸಂಹಿತೆಗಳನ್ನು ಅಂಗೀಕರಿಸಿತು. ಬೀಡಿ ಕಟ್ಟುವ ನಿಮಗೆ ಈಗ ಏನು ಸಿಗುತ್ತದೆ ಎಂದು ಬ್ರಾಂಚಿನಲ್ಲಿ, ಯೂನಿಯನ್ ಕಚೇರಿಯಲ್ಲಿ, ಕಾರ್ಮಿಕ ಇಲಾಖೆಯಲ್ಲಿ ಕೇಳಿ. ಹೆರಿಗೆಗೆ ಮೊದಲೇ ಪಾಸ್‌ಬುಕ್ ನಿಮ್ಮ ಹೆಸರಿಗೆ ಇದೆಯೇ ನೋಡಿಕೊಳ್ಳಿ.

ಮಾತ್ರೆಯ ಹೆದರಿಕೆ

ರಜೆ ಇಲ್ಲದ ಕೈಗೆ ಉಳಿಯುವುದು ಮಾತ್ರೆ. ಇದರಲ್ಲೂ ಎಲ್ಲ ಮಾತ್ರೆ ಒಂದೇ ಅಲ್ಲ.

ಆಸ್ಪಿರಿನ್ 1899ರಿಂದ ಮಾರುಕಟ್ಟೆಯಲ್ಲಿದೆ. ಮಕ್ಕಳ ಮಿದುಳು ಮತ್ತು ಯಕೃತ್ತನ್ನು ಕೆಡಿಸುವ 'ರೇ' ಎಂಬ ಅಪರೂಪದ ಕಾಯಿಲೆಯನ್ನು 1963ರಲ್ಲಿ ಗುರುತಿಸಲಾಯಿತು, ಮುಂದೆ ಅದಕ್ಕೂ ಆಸ್ಪಿರಿನ್‌ಗೂ ನಂಟು ಕಂಡಿತು. ಹಾಗಾಗಿ ಹಾಲೂಡಿಸುವ ತಾಯಿ ನೋವಿಗೆಂದು ಆಸ್ಪಿರಿನ್ ನುಂಗಬಾರದು. ಬೇರೆ ಕಾಯಿಲೆಗೆ ಡಾಕ್ಟರು ಸಣ್ಣ ಪ್ರಮಾಣದಲ್ಲಿ ಕೊಟ್ಟಿದ್ದರೆ ಅವರನ್ನು ಕೇಳದೆ ಬಿಡಲೂಬಾರದು. ಕೊಡೀನ್ ಮತ್ತು ಟ್ರಮಡಾಲ್ ಎಂಬ ಬಲವಾದ ನೋವಿನ ಔಷಧಗಳನ್ನು ಹಾಲೂಡಿಸುವಾಗ ಬಳಸಬೇಡಿ ಎಂದು 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತು. ಮಗುವಿಗೆ ಅತಿಯಾದ ಮಂಪರು ಬಂದು ಉಸಿರಾಟ ನಿಧಾನವಾಗುವ ಅಪಾಯ ಇದೆ. ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ ಕೊಡೀನ್ ಇರುತ್ತದೆ.

ಹಾಗಾದರೆ ಯಾವುದು ಆದೀತು? ಪ್ಯಾರಸಿಟಮಾಲ್ ಮತ್ತು ಐಬುಪ್ರೊಫೆನ್. ಐಬುಪ್ರೊಫೆನ್ ಅನ್ನು ಇಂಗ್ಲೆಂಡಿನ ಸ್ಟೂವರ್ಟ್ ಆಡಮ್ಸ್ ತಂಡ ಕಂಡುಹಿಡಿಯಿತು, 1969ರಲ್ಲಿ ಅದು ಅಲ್ಲಿ ಬಳಕೆಗೆ ಬಂತು. ಈ ಎರಡೂ ಹಾಲಿಗೆ ಹೋಗುವುದು ಬಹಳ ಕಡಿಮೆ, ಹಾಲೂಡಿಸುವಾಗ ತೆಗೆದುಕೊಳ್ಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಇವುಗಳಿಗಾಗಿ ಹಾಲು ನಿಲ್ಲಿಸುವ, ಹಿಂಡಿ ಚೆಲ್ಲುವ ಅಗತ್ಯವಿಲ್ಲ. ಆದರೆ ನಾಲ್ಕು ಮಾತು ನೆನಪಿಡಿ.

ಒಂದು, ಐಬುಪ್ರೊಫೆನ್ ಖಾಲಿ ಹೊಟ್ಟೆಗೆ ಬೇಡ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ದಮ್ಮು ಇದ್ದವರು, ಬಸಿರಿನಲ್ಲಿ ರಕ್ತದೊತ್ತಡ ಏರಿದ್ದವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.

ಎರಡು, ಒಂದೇ ಮಾತ್ರೆಯಲ್ಲಿ ಎರಡು ಔಷಧ ಇರುವುದುಂಟು. ಅದರ ಜತೆ ಬೇರೆ ಪ್ಯಾರಸಿಟಮಾಲ್ ನುಂಗಿದರೆ ಪ್ರಮಾಣ ಮೀರುತ್ತದೆ. ಪಟ್ಟಿಯ ಹಿಂದೆ ಬರೆದ ಹೆಸರು ಓದಿ, ಓದಲಾಗದಿದ್ದರೆ ಓದಿಸಿ.

ಮೂರು, ಹೆಸರಿಲ್ಲದೆ ಬಿಡಿಬಿಡಿಯಾಗಿ ಕಟ್ಟಿಕೊಡುವ ಮಾತ್ರೆ, ಪುಡಿ ಬೇಡವೇ ಬೇಡ. ಅದರಲ್ಲಿ ಸ್ಟೀರಾಯ್ಡ್ ಸೇರಿರಬಹುದು. ಮೆಡಿಕಲ್‌ನಲ್ಲಿ ಕೇಳುವಾಗ "ನಾನು ಮಗುವಿಗೆ ಹಾಲು ಕೊಡುತ್ತಿದ್ದೇನೆ" ಎಂದು ಮೊದಲೇ ಹೇಳಿ.

ನಾಲ್ಕು, ಮುಲಾಮು ಹಚ್ಚಿದ ಕೈ ಮಗುವಿನ ಬಾಯಿಗೆ, ಮೂಗಿಗೆ ತಾಗಬಾರದು. ಕರ್ಪೂರ, ಮೆಂಥಾಲ್ ಇರುವ ಬಾಮ್‌ಗಳು ಎಳೆ ಮಗುವಿಗೆ ಅಪಾಯ.

ಕೈಗೆ ರಜೆ ಕೊಡುವ ದಾರಿ

ಮೊದಲು ನೋವು ಯಾವುದೆಂದು ನೋಡಿ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಕೈಯನ್ನು ಕಿರುಬೆರಳಿನ ಕಡೆಗೆ ಮೆಲ್ಲನೆ ಬಾಗಿಸಿ. ಹೆಬ್ಬೆರಳ ಬದಿಯ ಮಣಿಕಟ್ಟಿನಲ್ಲಿ ಚುಳ್ ಎಂದರೆ ಇದೇ ನೋವು ಇರಬಹುದು. ಬಲವಂತ ಮಾಡಬೇಡಿ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಅದು ನರ ಒತ್ತಿದ ತೊಂದರೆ ಇರಬಹುದು, ಅದಕ್ಕೆ ಚಿಕಿತ್ಸೆ ಸ್ವಲ್ಪ ಬೇರೆ.

ಎತ್ತುವ ರೀತಿ ಬದಲಿಸಿ. ಕಂಕುಳಿಗೆ ಹೆಬ್ಬೆರಳು ಕೊಟ್ಟು ಎತ್ತುವ ಬದಲು, ಒಂದು ಕೈ ಮಗುವಿನ ತಲೆ ಮತ್ತು ಕುತ್ತಿಗೆಯ ಕೆಳಗೆ, ಇನ್ನೊಂದು ಕುಂಡೆಯ ಕೆಳಗೆ ಜಾರಿಸಿ, ಅಂಗೈ ಮೇಲೆ ಮಾಡಿ, ಮುಂಗೈಯ ಬಲದಿಂದ ಮೇಲೆತ್ತಿ. ಹಾಲೂಡಿಸುವಾಗ ಮಡಿಲಲ್ಲಿ ದಿಂಬು ಅಥವಾ ಮಡಚಿದ ಕಂಬಳಿ ಇಡಿ, ಭಾರ ದಿಂಬಿನ ಮೇಲಿರಲಿ. ಮಣಿಕಟ್ಟು ಬಾಗದೆ ನೇರವಾಗಿರಲಿ. ಕೆಲವು ಸಲ ಎಚ್ಚರವಿದ್ದು ಮಲಗಿ ಹಾಲು ಕೊಡಬಹುದು. ಆ ಹೊತ್ತಿನಲ್ಲಿ ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಹೆಬ್ಬೆರಳು ಓಡಿಸಿದರೆ ಆ ಕೈಗೂ ರಜೆ ಇಲ್ಲ.

ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಪಟ್ಟಿ ಮೆಡಿಕಲ್‌ಗಳಲ್ಲಿ ಸಿಗುತ್ತದೆ, ಮಣಿಕಟ್ಟಿಗೆ ಮಾತ್ರ ಕಟ್ಟುವ ಪಟ್ಟಿ ಈ ನೋವಿಗೆ ಸಾಲದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡಬಹುದು. ಅದರಿಂದ ಹಾಲು ತಣ್ಣಗಾಗುವುದಿಲ್ಲ, ಮಗುವಿಗೆ ಶೀತವೂ ಆಗುವುದಿಲ್ಲ. ಉಳುಕು ತೆಗೆಯುತ್ತೇನೆಂದು ಎಳೆದು ತಿರುಚುವವರ ಹತ್ತಿರ ಹೋಗಬೇಡಿ. ಊದಿದ ಹೊದಿಕೆ ಇನ್ನಷ್ಟು ಕೆಡುತ್ತದೆ.

ಬೀಡಿ ಕಟ್ಟುವವರು ಸಾಧ್ಯವಾದಷ್ಟು ದಿನ ತಡ್ಪೆ ದೂರ ಇಡಿ. ಕಟ್ಟಲೇಬೇಕಾದರೆ ಕತ್ತರಿಯ ಕೆಲಸ ಬೇರೆಯವರು ಮಾಡಲಿ, ಆಗಾಗ ಎದ್ದು ಕೈ ಬಿಡಿಸಿ. ಹೊಗೆಸೊಪ್ಪಿನ ಧೂಳು ಇರುವಲ್ಲಿ ಮಗುವನ್ನು ಮಲಗಿಸಬೇಡಿ. ಹಾಲು ಕೊಡುವ ಮೊದಲು ಸಾಬೂನಿನಿಂದ ಕೈ ತೊಳೆದು, ಮೇಲಿನ ಬಟ್ಟೆ ಬದಲಿಸಿ.

ಎರಡು ಮೂರು ವಾರವಾದರೂ ಕಡಿಮೆಯಾಗದಿದ್ದರೆ ತಾಲೂಕು ಆಸ್ಪತ್ರೆಗೆ ಹೋಗಿ ಎಲುಬು ತಜ್ಞರನ್ನು ಕೇಳಿ. ಹೊದಿಕೆಯೊಳಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಹಲವರಿಗೆ ಬೇಗ ಗುಣ ಕೊಡುತ್ತದೆ. ಬಸುರಿಯರು ಮತ್ತು ಹಾಲೂಡಿಸುವ ತಾಯಂದಿರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಪಟ್ಟಿಗಿಂತ ಇಂಜೆಕ್ಷನ್ ಪಡೆದವರಿಗೆ ಹೆಚ್ಚು ಗುಣ ಕಂಡಿತು. ಇಂಜೆಕ್ಷನ್ ಪಡೆದರೂ ಹಾಲು ಕೊಡಬಹುದು. ಕೆಲವರಿಗೆ ಕೆಲವು ದಿನ ಹಾಲು ಕಡಿಮೆಯಾದ ವರದಿಗಳಿವೆ, ಅದನ್ನು ಮೊದಲೇ ಡಾಕ್ಟರಲ್ಲಿ ಮಾತಾಡಿಕೊಳ್ಳಿ. ಶಸ್ತ್ರಚಿಕಿತ್ಸೆ ಬೇಕಾಗುವುದು ಕಡಿಮೆ ಜನರಿಗೆ. ಮಗು ಬೆಳೆದು ಎತ್ತುವುದು ಕಡಿಮೆಯಾದಂತೆ ಎಷ್ಟೋ ಮಂದಿಗೆ ನೋವು ತಾನೇ ಇಳಿಯುತ್ತದೆ.

ಜ್ವರ ಬಂದು ಮಣಿಕಟ್ಟು ಕೆಂಪಾಗಿ ಬಿಸಿಯಾದರೆ, ಬಿದ್ದು ಪೆಟ್ಟಾಗಿದ್ದರೆ, ಕೈಯ ಬಲ ಹೋದರೆ ಕಾಯದೆ ಅಂದೇ ಹೋಗಿ. ಎರಡೂ ಕೈಯ ಗಂಟುಗಳು ಬೆಳಿಗ್ಗೆ ಬಹಳ ಹೊತ್ತು ಬಿಗಿದಿದ್ದರೂ ತೋರಿಸಿ. ಹೆರಿಗೆಯ ನಂತರ ಸಂಧಿವಾತ ತಲೆ ಎತ್ತುವುದುಂಟು.

ಆಶಾ ಕಾರ್ಯಕರ್ತೆಯರು ಹೆರಿಗೆಯ ನಂತರ 42ನೇ ದಿನದವರೆಗೆ ಹಲವು ಸಲ ಮನೆಗೆ ಬಂದು ತಾಯಿ ಮಗುವನ್ನು ನೋಡುತ್ತಾರೆ. ಈ ನೋವು ಹೆಚ್ಚಾಗಿ ಕಾಣಿಸಿಕೊಳ್ಳುವುದು ಆ ಹೊತ್ತಿಗೇ, ಅಥವಾ ಆ ಭೇಟಿಗಳು ಮುಗಿದ ಮೇಲೆ. ಅವರು ಕೇಳಲಿ ಎಂದು ಕಾಯಬೇಡಿ, "ಕೈ ನೋಯುತ್ತಿದೆ ಅಕ್ಕ" ಎಂದು ನೀವೇ ಹೇಳಿ.

ಮನೆಯವರಿಗೂ ಒಂದು ಮಾತು. ಹಾಲು ತಾಯಿಯೇ ಕೊಡಬೇಕು, ಎತ್ತಿ ಕೊಡುವುದು ಯಾರೂ ಮಾಡಬಹುದು. ಹಿಂದೆ ಅಜ್ಜಿ ಮಾಡುತ್ತಿದ್ದ ಆ ಕೆಲಸವನ್ನು ಇಂದು ಗಂಡನೂ ಮಾಡಬಹುದು. ಬಟ್ಟೆ ಹಿಂಡುವುದು, ನೀರು ಎಳೆಯುವುದು, ತೆಂಗಿನಕಾಯಿ ತುರಿಯುವುದು ಅವನ ಕೈಗೆ ಬರಲಿ. 10ನೇ ಕಲಂ ಕೊಡದ ಆ ಒಂದು ತಿಂಗಳನ್ನು ಕೊಡಲು ಮನೆಗೆ ಯಾವ ಕಾನೂನೂ ಬೇಕಾಗಿಲ್ಲ.